1817ರ ರಾಜಕುಮಾರಿ ಶಾರ್ಲೆಟ್ ಸಾವಿನ ಕಂಚಿನ ಪದಕ: ಅಸಲಿಯಾ? ಯಾರು ಮಾಡಿಸಿದ್ದು?

ಮಿಡ್‌ಲ್ಯಾಂಡ್ಸ್_ಮಂಜು
ಎಲ್ಲರಿಗೂ ನಮಸ್ಕಾರ. ಬರ್ಮಿಂಗ್‌ಹ್ಯಾಮ್‌ನಲ್ಲಿ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ಪದಕ ಸಿಕ್ಕಿತು. ಅಡ್ಡಳತೆ ಹತ್ತಿರ ಹತ್ತಿರ 5 ಸೆಂಟಿಮೀಟರ್. ಕಂದು ಬಣ್ಣ, ಕೈಗೆ ಒಳ್ಳೇ ಭಾರ. ಒಂದು ಬದಿಯಲ್ಲಿ ಪಕ್ಕಕ್ಕೆ ತಿರುಗಿದ ಹೆಣ್ಣಿನ ಮುಖ, ಕೂದಲು ಮೇಲಕ್ಕೆತ್ತಿ ಕಟ್ಟಿದೆ. ಸುತ್ತ ಇಂಗ್ಲಿಷಿನಲ್ಲಿ ರಾಜಕುಮಾರಿ ಶಾರ್ಲೆಟ್ ಅಂತ ಹೆಸರು. ಹಿಂಬದಿಯಲ್ಲಿ ಸಮಾಧಿ, ಅದರ ಮೇಲೆ ಕಲಶ, ಪಕ್ಕದಲ್ಲಿ ಬ್ರಿಟಾನಿಯಾ, ಅಂದರೆ ಬ್ರಿಟನ್ ದೇಶವನ್ನೇ ಹೆಣ್ಣಾಗಿ ತೋರಿಸುವ ಚಿತ್ರ, ತಲೆ ತಗ್ಗಿಸಿ ಅಳುತ್ತಾ ಕೂತಿದ್ದಾಳೆ. ಕೆಳಗೆ ಸತ್ತ ತಾರೀಖು, 6 ನವೆಂಬರ್ 1817.

ಅಂಗಡಿಯವರು ಕಂಚು ಅಂದರು. ನನಗೆ ಗೊತ್ತಾಗಬೇಕಾದ್ದು ಇಷ್ಟು. ಇದು ಆ ಕಾಲದ್ದೇನಾ, ಆಮೇಲೆ ಮಾಡಿದ ನಕಲಾ? ಸರ್ಕಾರ ಹೊರಡಿಸಿದ್ದಾ? ಅಂಚಿನಿಂದ ಒಂದು ಅಕ್ಷರದ ಮೇಲೆ ಹಾದು ಕೂದಲಿನವರೆಗೆ ಒಂದು ಸಣ್ಣ ಗೆರೆ ಇದೆ, ಅದೇನು? ಕಲಶದ ಹತ್ತಿರ ಸ್ವಲ್ಪ ಹಸಿರು ಕೂತಿದೆ. ಅಮ್ಮ ಫೋನಿನಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕು ಅಂದರು. ತಿಕ್ಕಬಹುದಾ?

ಬೆಲೆಎಷ್ಟು_ಸ್ವಾಮಿ
ಎಷ್ಟಕ್ಕೆ ಕೊಟ್ರು? ಈಗ ಮಾರಿದ್ರೆ ಎಷ್ಟು ಬರುತ್ತೆ?

ಎರಕದಮನೆ
ಮಂಜು ಅವರೇ, ಹುಣಸೆಹಣ್ಣು ಸಾರಿಗೆ ಇರಲಿ. ದಯವಿಟ್ಟು ತಿಕ್ಕಬೇಡಿ.

ಆ ಕಂದು ಬಣ್ಣ ಕೊಳೆ ಅಲ್ಲ. ಬೇಕು ಅಂತಲೇ ಕೊಟ್ಟದ್ದು. ಆ ಕಾಲದ ಇಂಗ್ಲೆಂಡಿನಲ್ಲಿ ಕಂಚಿನ ಪದಕ ಅಂತ ಮಾರುತ್ತಿದ್ದದ್ದು ಬಹಳಷ್ಟು ಸಲ ತಾಮ್ರವೇ. ತಾಮ್ರದ ಬಿಲ್ಲೆ ಒತ್ತಿದ ಮೇಲೆ, ಮೈಗೆ ಪುಡಿ ಹಚ್ಚಿ, ಕಾಯಿಸಿ, ಕಂಚಿನ ಕಂದು ಬಣ್ಣ ಬರಿಸುತ್ತಿದ್ದರು. ಹುಣಸೆ ಹುಳಿ ತಾಗಿದರೆ ಆ ಪದರ ಐದೇ ನಿಮಿಷದಲ್ಲಿ ಎದ್ದು ಬರುತ್ತೆ. ಕೆಳಗಿಂದ ಹೊಸ ಚೊಂಬಿನ ಹಾಗೆ ಕೆಂಪಗೆ ಹೊಳೆಯುತ್ತೆ. ಮತ್ತೆ ಯಾರಿಂದಲೂ ಆ ಬಣ್ಣ ವಾಪಸ್ ತರೋಕೆ ಆಗಲ್ಲ. ಅಂಚಿನಲ್ಲಿ ಎಲ್ಲಾದರೂ ಸಣ್ಣ ಪೆಟ್ಟು ಬಿದ್ದಿದ್ದರೆ ಅಲ್ಲಿ ಲೆನ್ಸ್ ಹಿಡಿದು ನೋಡಿ. ಒಳಗೆ ಕೆಂಪು ಕಂಡರೆ ತಾಮ್ರ, ಹಳದಿ ಛಾಯೆ ಕಂಡರೆ ಕಂಚು ಇರಬಹುದು.

ಹಸಿರಿನ ವಿಷಯ. ಗಟ್ಟಿಯಾಗಿ ಅಂಟಿಕೊಂಡು ಕಡು ಹಸಿರಾಗಿದ್ದರೆ ಹೆದರಬೇಡಿ, ಸುಮ್ನೆ ಬಿಡಿ. ತಿಳಿ ಹಸಿರು ಪುಡಿಯ ಥರ ಇದ್ದು, ಮರದ ಹಲ್ಲುಕಡ್ಡಿ ತಾಗಿಸಿದರೆ ಉದುರಿ, ಒರೆಸಿದ ಮೇಲೂ ಮತ್ತೆ ಮತ್ತೆ ಬಂದರೆ ಅದು ಬೇರೆ ರೋಗ. ಲೋಹದ ಒಳಗೆ ಕ್ಲೋರೈಡ್ ಸೇರಿದೆ ಅಂತ ಅರ್ಥ. ಗಾಳಿಯ ತೇವ ಸಿಕ್ಕಷ್ಟೂ ತಿನ್ನುತ್ತಾ ಹೋಗುತ್ತೆ. ಅಂಥದ್ದಕ್ಕೆ ಮ್ಯೂಸಿಯಂ ಕೆಲಸ ಗೊತ್ತಿರುವವರೇ ಬೇಕು.

ಎರಕ ಹೊಯ್ದದ್ದೋ ಅಚ್ಚಿನಲ್ಲಿ ಒತ್ತಿದ್ದೋ ಅನ್ನೋದು ಪತ್ತೆ ಮಾಡೋದು ಸುಲಭ. ನಕಲು ಮಾಡುವವರು ಅಸಲಿಯಿಂದ ಪಡಿಯಚ್ಚು ತೆಗೆದು ಎರಕ ಹೊಯ್ಯುತ್ತಾರೆ. ಲೋಹ ಆರುವಾಗ ಕುಗ್ಗುತ್ತೆ, ಹಾಗಾಗಿ ನಕಲು ಅಸಲಿಗಿಂತ ಒಂದಿಷ್ಟು ಚಿಕ್ಕದು. ಬಯಲಿನಲ್ಲಿ, ಅಂದರೆ ಚಿತ್ರ ಅಕ್ಷರ ಇಲ್ಲದ ಸಮತಟ್ಟು ಜಾಗದಲ್ಲಿ, ಸೂಜಿ ಮೊನೆಯಷ್ಟು ಗುಳಿಗಳು ಇರುತ್ತವೆ. ಅಕ್ಷರದ ಬುಡ ಸೋಪು ಸವೆದ ಹಾಗೆ ನುಣ್ಣಗಿರುತ್ತೆ. ಅಚ್ಚಿನದ್ದಾದರೆ ಅಕ್ಷರ ಬಯಲಿನಿಂದ ನೆಟ್ಟಗೆ ಎದ್ದು ನಿಂತಿರುತ್ತೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಗಂಟೆ, ದೀಪ ಎರಕ ಹೊಯ್ದಿದ್ದಾರೆ. ಆ ಗುಳಿ ಕಂಡರೆ ನನಗೆ ಕತ್ತಲಲ್ಲೂ ಗೊತ್ತಾಗುತ್ತೆ.

ಒಂದು ಕೇಳ್ತೀನಿ. ಆ ಗೆರೆ ಉಬ್ಬಿದೆಯಾ, ತಗ್ಗಿದೆಯಾ?

ಮಿಡ್‌ಲ್ಯಾಂಡ್ಸ್_ಮಂಜು
ಉಗುರು ಎಳೆದು ನೋಡಿದೆ. ಉಬ್ಬಿದೆ. ಕೂದಲೆಳೆಯಷ್ಟು. ಅಂಚಿನಲ್ಲಿ ಒಂದು ಕಡೆ ಪೆಟ್ಟಿದೆ, ಅಲ್ಲಿ ಕೆಂಪು.

ಎರಕದಮನೆ
ಹಾಗಾದರೆ ತಾಮ್ರ. ಮತ್ತೆ ಆ ಗೆರೆ ಗೀರು ಅಲ್ಲ, ಅಚ್ಚಿನ ಬಿರುಕು. ಉಕ್ಕಿನ ಅಚ್ಚು ಸೀಳಿದಾಗ ಒತ್ತಡಕ್ಕೆ ಲೋಹ ಆ ಸೀಳಿನೊಳಗೆ ನುಗ್ಗುತ್ತೆ, ಪದಕದ ಮೇಲೆ ಉಬ್ಬು ಗೆರೆಯಾಗಿ ಮೂಡುತ್ತೆ. ಮುಖ ಇಷ್ಟು ಉಬ್ಬಿರುವ ಪದಕ ತಾಮ್ರದಲ್ಲಿ ಒಂದೇ ಏಟಿಗೆ ಮೂಡಲ್ಲ. ತಿರುಪಿನ ಪ್ರೆಸ್‌ನಲ್ಲಿ ಒತ್ತಬೇಕು, ಕಾಯಿಸಿ ಮೆದು ಮಾಡಬೇಕು, ಅದೇ ಜಾಗಕ್ಕೆ ಸರಿಯಾಗಿ ಕೂರಿಸಿ ಮತ್ತೆ ಒತ್ತಬೇಕು. ಒಂದೊಂದು ಪದಕಕ್ಕೂ ಅಚ್ಚು ಹಲವು ಏಟು ತಿನ್ನುತ್ತೆ. ಬಿರುಕು ಬಿಟ್ಟ ಮೇಲೂ ಹೊಸ ಅಚ್ಚು ಕೆತ್ತದೆ ಅದರಲ್ಲೇ ಒತ್ತಿದ್ದಾರೆ ಅಂದರೆ ಗಿರಾಕಿ ಬಾಗಿಲಲ್ಲಿ ನಿಂತಿದ್ದರು ಅಂತ ಲೆಕ್ಕ.

ಚರಿತ್ರೆ_ಮೇಷ್ಟ್ರು
ಸರ್ಕಾರ ಹೊರಡಿಸಿದ್ದಾ ಅನ್ನೋ ಪ್ರಶ್ನೆಗೆ ಎರಕದಮನೆಯವರ ಬಿರುಕೇ ಅರ್ಧ ಉತ್ತರ. ಇದು ಪೇಟೆ ಸರಕು. ಇಂಥ ಪದಕ ಮಾಡೋಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬರ್ಮಿಂಗ್‌ಹ್ಯಾಮ್ ಆಗ ಗುಂಡಿ, ಬಕಲ್, ಟೋಕನ್, ಪದಕ ಮಾಡುವವರ ಊರು. ಮ್ಯಾಥ್ಯೂ ಬೋಲ್ಟನ್ ಅಲ್ಲೇ ಸೋಹೋದಲ್ಲಿ ಉಗಿಯಂತ್ರದಿಂದ ನಾಣ್ಯ ಒತ್ತಿ ತೋರಿಸಿದ್ದ. ರಾಜಮನೆತನದಲ್ಲಿ ಮದುವೆಯಾದರೂ ಪದಕ, ಯುದ್ಧ ಗೆದ್ದರೂ ಪದಕ, ಸಾವಾದರೂ ಪದಕ. ಶಾರ್ಲೆಟ್ ಸಾವಿಗೆ ಒಂದಲ್ಲ, ಬೇರೆ ಬೇರೆಯವರು ಮಾಡಿದ ಹಲವು ಪದಕಗಳಿವೆ. ಅಳುವ ಬ್ರಿಟಾನಿಯಾ, ಸಮಾಧಿ, ಕಲಶ ಇವೆಲ್ಲ ಎಲ್ಲರೂ ಬಳಸಿದ ಸಿದ್ಧ ಚಿತ್ರಗಳು.

ಶಾರ್ಲೆಟ್ ಯಾರು ಅಂತ ಗೊತ್ತಿಲ್ಲದವರಿಗೆ ಚೂರು ಹೇಳ್ತೀನಿ. ಹುಟ್ಟಿದ್ದು 7 ಜನವರಿ 1796. ಅಜ್ಜ ಮೂರನೇ ಜಾರ್ಜ್, ಆಗ ಬುದ್ಧಿ ಕೆಟ್ಟು ವಿಂಡ್ಸರ್‌ನಲ್ಲಿ ಕೂತಿದ್ದ. ಅಪ್ಪ ರಾಜ್ಯಭಾರ ನೋಡುತ್ತಿದ್ದ ಪ್ರಿನ್ಸ್ ರೀಜೆಂಟ್. ಜನರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಸಾಲ, ಕುಡಿತ, ಹೆಂಡತಿ ಕ್ಯಾರೋಲಿನ್ ಜೊತೆ ಬೀದಿ ಜಗಳ. ಶಾರ್ಲೆಟ್ ಅವರ ಒಬ್ಬಳೇ ಮಗಳು. ಜಾರ್ಜ್ ದೊರೆಗೆ ಮಕ್ಕಳು ದಂಡಿಯಾಗಿದ್ದರು, ಆದರೆ ಸಿಂಹಾಸನಕ್ಕೆ ಹಕ್ಕಿದ್ದ ಮೊಮ್ಮಗು ಇವಳೊಬ್ಬಳೇ. 2 ಮೇ 1816ರಂದು ಜರ್ಮನಿಯ ಲಿಯೋಪೋಲ್ಡ್ ಜೊತೆ ಮದುವೆ. ಮುದಿ ದೊರೆ, ಕೆಟ್ಟ ರೀಜೆಂಟ್ ಎಲ್ಲ ಮುಗಿದ ಮೇಲೆ ಈ ಹುಡುಗಿ ರಾಣಿಯಾಗ್ತಾಳೆ ಅಂತ ಜನ ಕಾಯುತ್ತಿದ್ದರು. ಮದುವೆಯಾಗಿ ಒಂದೂವರೆ ವರ್ಷಕ್ಕೆ ಹೆರಿಗೆಯಲ್ಲಿ ತೀರಿಕೊಂಡಳು. ವಯಸ್ಸು 21.

ಪದಕದ ಮುಖದ ಬದಿಯಲ್ಲಿ ಕತ್ತು ಕತ್ತರಿಸಿದ ಜಾಗ ಇದೆಯಲ್ಲ, ಅದರ ಕೆಳಗೆ ಕೆತ್ತಿದವನ ಹೆಸರು ಇದೆಯಾ ನೋಡಿ. ಹ್ಯಾಲಿಡೇ, ವೆಬ್, ವೈಯನ್ ಆ ಕಾಲಕ್ಕೆ ಹೆಸರು ಮಾಡಿದವರು. ವೈಯನ್ ಮನೆತನದ ಕಿರಿಯ ಥಾಮಸ್, ವಾಟರ್‌ಲೂ ಪದಕ ಕೆತ್ತಿದವನು, ಶಾರ್ಲೆಟ್‌ಗಿಂತ ಕೆಲವೇ ವಾರ ಮುಂಚೆ 25ನೇ ವಯಸ್ಸಿಗೆ ಸತ್ತ. ಹಾಗಾಗಿ ಅವನದ್ದಂತೂ ಅಲ್ಲ.

ಮಿಡ್‌ಲ್ಯಾಂಡ್ಸ್_ಮಂಜು
ಹೆಸರು ಇಲ್ಲ ಮೇಷ್ಟ್ರೇ. ಕತ್ತಿನ ಕೆಳಗೆ ಬೋಳು.

ಬೆಲೆಎಷ್ಟು_ಸ್ವಾಮಿ
ಹೆಸರಿಲ್ಲ ಅಂದ್ರೆ ರೇಟ್ ಕಮ್ಮಿ ಅಲ್ವಾ?

ಹಳೇನಾಣ್ಯ_ಧಾರವಾಡ
ಕಮ್ಮಿ ಆಗಬಹುದು ಸ್ವಾಮಿ. ಇದೇ ಪದಕ ಬೆಳ್ಳಿಯಲ್ಲಿದ್ದರೆ ಜಾಸ್ತಿ, ತಾಮ್ರದ್ದು ಮಧ್ಯ, ತವರದ ಮಿಶ್ರಲೋಹದ್ದು ಎಲ್ಲಕ್ಕಿಂತ ಅಗ್ಗ. ಆವತ್ತೂ ಹಾಗೇ, ಇವತ್ತೂ ಹಾಗೇ. ತವರದ್ದು ಮೆದು. ಅಚ್ಚಿಗೆ ಭಾರ ಬೀಳಲ್ಲ, ರಾಶಿ ರಾಶಿ ಒತ್ತಬಹುದು. ಹೊಸದರಲ್ಲಿ ಬೆಳ್ಳಿ ಹಾಗೇ ಮಿಂಚುತ್ತೆ. ಕೂಲಿಯವರೂ ಕೊಂಡು, ಮೇಲೆ ತೂತು ಕೊರೆದು, ರಿಬ್ಬನ್ ಹಾಕಿ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದರು.

ಡಾಕ್ಟ್ರಮ್ಮ_ಹಾಸನ
ನಾಣ್ಯದ ವಿಷಯ ನನಗೆ ಗೊತ್ತಾಗಲ್ಲ. ಆದರೆ ಈ ಹೆರಿಗೆ ಪ್ರಕರಣವನ್ನು ನಮ್ಮ ಓದಿನಲ್ಲಿ ಯಾರೂ ಮರೆಯಲ್ಲ. ಹಾಗಾಗಿ ಬಾಯಿ ಹಾಕ್ತಿದ್ದೀನಿ.

ದಿನ ತುಂಬಿ ಎರಡು ವಾರ ಮೀರಿತ್ತು. 3 ನವೆಂಬರ್ ಸಂಜೆ ನೋವು ಶುರು. ಮಗು ಹೊರಬಂದದ್ದು 5ರ ರಾತ್ರಿ 9ಕ್ಕೆ. ಸುಮಾರು 50 ಗಂಟೆ. ಅದರಲ್ಲಿ ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೆಯೇ ಹತ್ತಿರ ಹತ್ತಿರ 24 ಗಂಟೆ. ಇವತ್ತು ತಾಲ್ಲೂಕು ಆಸ್ಪತ್ರೆಯಲ್ಲೂ ಅಷ್ಟು ಹೊತ್ತು ಯಾರೂ ಕಾಯಲ್ಲ. ಒಂಬತ್ತು ಪೌಂಡಿನ ಗಂಡು ಮಗು, ಅಂದರೆ ನಾಲ್ಕು ಕೆಜಿ ಮೇಲೆ. ಸತ್ತೇ ಹುಟ್ಟಿತು. ಕಸ (ಮಾಸು) ತಾನಾಗಿ ಬರಲಿಲ್ಲ, ಕೈ ಹಾಕಿ ತೆಗೆದರು. ಮೊದಲು ಪರವಾಗಿಲ್ಲ ಅನ್ನಿಸಿತು. ಆಮೇಲೆ ಮೈ ತಣ್ಣಗಾಯಿತು, ಉಸಿರು ಕಟ್ಟಿತು, ಬೆಳಗಿನ ಜಾವ ಎರಡೂವರೆ ಹೊತ್ತಿಗೆ ಹೋದಳು. ಒಳಗೇ ರಕ್ತಸ್ರಾವ ಆಗಿತ್ತು ಅಂತ ನಮ್ಮವರಲ್ಲಿ ಬಹಳ ಜನ ನಂಬುತ್ತಾರೆ.

ಹೆರಿಗೆ ಮಾಡಿಸಿದವರು ಸರ್ ರಿಚರ್ಡ್ ಕ್ರಾಫ್ಟ್. ಬಸುರಿಯಲ್ಲಿ ಅವಳಿಗೆ ಊಟ ಕಮ್ಮಿ ಮಾಡಿಸಿ, ಆಗಾಗ ರಕ್ತ ಬೇರೆ ತೆಗೆಸಿದ್ದರು. ಆ ಕಾಲದ ಪದ್ಧತಿ ಅದು. ಮಗುವಿನ ತಲೆ ಹಿಡಿದು ಹೊರಗೆಳೆಯುವ ಇಕ್ಕಳ ಕೈಗೆಟಕುವ ಹಾಗೇ ಇತ್ತು, ಬಳಸಲಿಲ್ಲ. ಪ್ರಕೃತಿಗೆ ಬಿಡಬೇಕು ಅನ್ನೋದು ಅವರು ಕಲಿತ ಪಾಠ. ಇಕ್ಕಳದ ಕೆಲಸ ಬಲ್ಲ ಇನ್ನೊಬ್ಬ ಡಾಕ್ಟರನ್ನು ಕರೆಸಿ ಪಕ್ಕದ ಕೋಣೆಯಲ್ಲಿ ಕೂರಿಸಿದ್ದರು. ಅವರು ಬಾಣಂತಿಯ ಮುಖವನ್ನೂ ನೋಡಲಿಲ್ಲ.

ರಾಜಮನೆತನದವರು ಕ್ರಾಫ್ಟ್ ಮೇಲೆ ತಪ್ಪು ಹೊರಿಸಲಿಲ್ಲ. ಆದರೆ ಊರಿನ ಜನ ಅವರನ್ನು ದೂರೋದು ಬಿಡಲಿಲ್ಲ. ಮೂರು ತಿಂಗಳಿಗೆ, 1818ರ ಫೆಬ್ರವರಿಯಲ್ಲಿ, ಇನ್ನೊಬ್ಬಾಕೆಯ ಕಷ್ಟದ ಹೆರಿಗೆಗೆ ಹೋಗಿದ್ದಾಗ ಅದೇ ಮನೆಯಲ್ಲಿ ಗುಂಡು ಹೊಡೆದುಕೊಂಡರು. ತಾಯಿ, ಮಗು, ಡಾಕ್ಟರ್, ಮೂರೂ ಸಾವು ಒಂದೇ ಹೆರಿಗೆಯ ಲೆಕ್ಕಕ್ಕೆ. ಇದಾದ ಮೇಲೆ ಇಂಗ್ಲೆಂಡಿನಲ್ಲಿ ಇಕ್ಕಳ ಹಾಕೋಕೆ ಡಾಕ್ಟರುಗಳು ಅಷ್ಟೊಂದು ಹಿಂಜರಿಯಲಿಲ್ಲ.

ಮಂಜು ಅವರೇ, ನಿಮ್ಮ ಪದಕದಲ್ಲಿ ಮಗುವಿನ ಗುರುತು ಏನಾದರೂ ಇದೆಯಾ?

ಮಿಡ್‌ಲ್ಯಾಂಡ್ಸ್_ಮಂಜು
ಇಲ್ಲ ಡಾಕ್ಟ್ರೇ. ಹೆರಿಗೆ ಅನ್ನೋ ಸುಳಿವೇ ಇಲ್ಲ. ಕಲಶ, ಬ್ರಿಟಾನಿಯಾ, ತಾರೀಖು ಅಷ್ಟೇ. ತಾರೀಖು ನೋಡಿದವನಿಗೆ ಯುದ್ಧದಲ್ಲಿ ಸತ್ತಳೋ ಜ್ವರದಲ್ಲಿ ಸತ್ತಳೋ ಗೊತ್ತಾಗಲ್ಲ.

ಚರಿತ್ರೆ_ಮೇಷ್ಟ್ರು
ಮಗು ಕಾಣಬೇಕಾದರೆ ವಿಂಡ್ಸರ್‌ಗೆ ಹೋಗಿ. ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ ಜನರ ವಂತಿಗೆಯಿಂದ ಮಾಡಿಸಿದ ಅಮೃತಶಿಲೆ ಸ್ಮಾರಕ ಇದೆ, ಮ್ಯಾಥ್ಯೂ ಕೋಟ್ಸ್ ವ್ಯಾಟ್ ಕೆತ್ತಿದ್ದು. ಕೆಳಗೆ ಹೆಣ, ಮೇಲೆ ಬಟ್ಟೆ ಹೊದಿಸಿದೆ. ಹೊದಿಕೆಯ ಅಂಚಿನಲ್ಲಿ ಬೆರಳುಗಳು ಮಾತ್ರ ಕಾಣುತ್ತವೆ. ಮೇಲೆ ಅವಳ ಆತ್ಮ ಏಳುತ್ತಿದೆ, ಪಕ್ಕದಲ್ಲಿ ದೇವದೂತೆ ಮಗುವನ್ನು ಎತ್ತಿಕೊಂಡಿದ್ದಾಳೆ. ನನಗೆ ಆ ಮೇಲಿನ ಭಾಗ ಸ್ವಲ್ಪ ಅತಿ ಅನ್ನಿಸುತ್ತೆ. ಆ ಬೆರಳು ಮಾತ್ರ ಸಾಕಿತ್ತು.

ಸಾಕಪ್ಪಾ_ಸಾಕು
ಕ್ಷಮಿಸಿ, ಒಂದು ಮಾತು. ನಮ್ಮನ್ನು ಲೂಟಿ ಹೊಡೆದವರ ಮನೆ ಮಗಳು ಸತ್ತರೆ ಕನ್ನಡದಲ್ಲಿ ಇಷ್ಟುದ್ದ ಅಳಬೇಕಾ? ಆ ವರ್ಷ ನಮ್ಮಲ್ಲಿ ಎಷ್ಟು ಹೆಂಗಸರು ಹೆರಿಗೆಯಲ್ಲಿ ಸತ್ತರೋ, ಅವರಿಗೆ ಯಾವ ಪದಕ?

ಹಳೇನಾಣ್ಯ_ಧಾರವಾಡ
ಅಳುತ್ತಾ ಇಲ್ಲರೀ, ಲೋಹ ನೋಡ್ತಾ ಇದ್ದೀವಿ. ಆದರೆ ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ತಾರೀಖನ್ನೇ ನೋಡ್ರಿ. ಶಾರ್ಲೆಟ್ ಮಗು ಸತ್ತು ಹುಟ್ಟಿದ 5 ನವೆಂಬರ್ 1817, ಅದೇ ದಿನ ಪುಣೆ ಹತ್ತಿರ ಖಡ್ಕಿಯಲ್ಲಿ ಪೇಶ್ವೆ ಮತ್ತು ಕಂಪನಿ ಸೈನ್ಯದ ಕಾಳಗ. ಎರಡನೇ ಬಾಜಿರಾಯ ಸೋತ. ಆ ಯುದ್ಧದ್ದೇ ಮುಂದುವರಿಕೆ ನಮ್ಮ ಕಡೆ. ಕಂಪನಿಯ ಥಾಮಸ್ ಮನ್ರೋ ಧಾರವಾಡದಲ್ಲಿ ಕೂತು ಪೇಶ್ವೆಯ ಕೋಟೆಗಳನ್ನು ಒಂದೊಂದಾಗಿ ತಗೊಂಡ. 1818ರ ಫೆಬ್ರವರಿಯಲ್ಲಿ ಬಾದಾಮಿ, ಏಪ್ರಿಲ್‌ನಲ್ಲಿ ಬೆಳಗಾವಿ. ಆಗ ಹಡಗು ಆಫ್ರಿಕಾ ಸುತ್ತಿ ಬರಬೇಕಿತ್ತು, ಸುದ್ದಿ ತಲುಪೋಕೆ ತಿಂಗಳುಗಟ್ಟಲೆ. ತಮ್ಮ ರಾಜಕುಮಾರಿ ಸತ್ತ ಸುದ್ದಿ ಗೊತ್ತಾಗುವ ಮುಂಚೆಯೇ ಆ ಸೈನ್ಯ ಬಾದಾಮಿ ಬೆಟ್ಟ ಹತ್ತಿರಬೇಕು.

ಚರಿತ್ರೆ_ಮೇಷ್ಟ್ರು
ಸಾಕಪ್ಪಾ ಅವರು ಕೇಳಿದ ಪ್ರಶ್ನೆಯನ್ನು ಇಂಗ್ಲೆಂಡಿನಲ್ಲೇ ಆಗ ಕೇಳಿದವರಿದ್ದರು. ಶಾರ್ಲೆಟ್ ಸತ್ತ ಮಾರನೇ ದಿನ, 7 ನವೆಂಬರ್, ಡಾರ್ಬಿಯಲ್ಲಿ ಮೂವರನ್ನು ಗಲ್ಲಿಗೇರಿಸಿ ಆಮೇಲೆ ತಲೆ ಕಡಿದರು. ಬ್ರ್ಯಾಂಡ್‌ರೆತ್, ಟರ್ನರ್, ಲಡ್‌ಲಮ್. ಬ್ರ್ಯಾಂಡ್‌ರೆತ್ ಕೆಲಸವಿಲ್ಲದ ಕಾಲುಚೀಲ ನೇಕಾರ. ಹಸಿವು, ನಿರುದ್ಯೋಗ ತಾಳದೆ ಜೂನ್‌ನಲ್ಲಿ ಪೆಂಟ್ರಿಚ್ ಅನ್ನೋ ಹಳ್ಳಿಯಿಂದ ದಂಗೆ ಎದ್ದವರು. ಸರ್ಕಾರದ ಗೂಢಚಾರನೇ ಅವರನ್ನು ಹುರಿದುಂಬಿಸಿದ್ದ. ಮಂಜು ಅವರ ಊರಿನಿಂದ ಡಾರ್ಬಿ ಏನು ದೂರ ಅಲ್ಲ. ಕಪ್ಪು ಬಟ್ಟೆ ಯಾರಿಗೆ, ಯಾರಿಗೆ ಇಲ್ಲ ಅನ್ನೋ ಮಾತು ಆಗಲೇ ಎದ್ದಿತ್ತು.

ಹಾಗಂತ ಜನರ ದುಃಖ ನಾಟಕ ಅನ್ನೋಕೆ ನಾನು ತಯಾರಿಲ್ಲ. ಅಂಗಡಿಗಳಲ್ಲಿ ಕಪ್ಪು ಬಟ್ಟೆ ಖಾಲಿಯಾಯಿತು. ಬಡವರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡರು. ಎರಡು ವಾರ ಅಂಗಡಿ, ಕೋರ್ಟು, ಬಂದರು ಬಾಗಿಲು ಹಾಕಿದ್ದವು. 19 ನವೆಂಬರ್ ಅಂತ್ಯಕ್ರಿಯೆಯ ದಿನ ಜೂಜಿನ ಅಡ್ಡೆಗಳೂ ಬಂದ್! ಕಡೆಗೆ ಬಣ್ಣದ ರಿಬ್ಬನ್ ಮಾಡುವವರು ಸೂತಕ ಬೇಗ ಮುಗಿಸಿ, ನಾವು ದಿವಾಳಿ ಆಗ್ತೀವಿ ಅಂತ ಸರ್ಕಾರಕ್ಕೆ ಅರ್ಜಿ ಕೊಟ್ಟರು. ಒಂದೇ ಸಾವು, ರಿಬ್ಬನ್‌ನವನಿಗೆ ನಷ್ಟ, ಪದಕದವನಿಗೆ ಲಾಭ. ನನ್ನ ಪ್ರಕಾರ ಈ ಪದಕದ ನಿಜವಾದ ಕಥೆ ಇದೇ. ದುಃಖ ನಿಜ, ವ್ಯಾಪಾರವೂ ನಿಜ. ಒಂದು ಇನ್ನೊಂದನ್ನು ಸುಳ್ಳು ಮಾಡಲ್ಲ. ಅಚ್ಚು ಬಿರುಕು ಬಿಟ್ಟದ್ದು ಎರಡೂ ಸೇರಿ ಒತ್ತಿದ್ದಕ್ಕೆ.

ಸಾಕಪ್ಪಾ_ಸಾಕು
ಡಾರ್ಬಿ ವಿಷಯ ಗೊತ್ತಿರಲಿಲ್ಲ. ಆ ಮೂವರ ಪದಕ ಸಿಕ್ಕರೆ ಹೇಳಿ, ನಾನು ಕೊಳ್ತೀನಿ.

ಕಬ್ಬನ್‌ಪಾರ್ಕ್_ವಾಕರ್
ದಿನಾ ಬೆಳಗ್ಗೆ ವಿಕ್ಟೋರಿಯಾ ಪ್ರತಿಮೆ ಪಕ್ಕ ನಡೆಯುವವನು ನಾನು. ಶಾರ್ಲೆಟ್ ಬದುಕಿದ್ದರೆ ಆ ಪ್ರತಿಮೆ ಅಲ್ಲಿ ಇರುತ್ತಿರಲಿಲ್ಲ ಅಂತ ಕೇಳಿದ್ದೆ. ನಿಜನಾ ಮೇಷ್ಟ್ರೇ?

ಚರಿತ್ರೆ_ಮೇಷ್ಟ್ರು
ಪ್ರತಿಮೆ ಏನು, ಆ ರಾಣಿಯೇ ಇರುತ್ತಿರಲಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಶಾರ್ಲೆಟ್ ಹೋದ ಮೇಲೆ ಮುಂದಿನ ತಲೆಮಾರಿಗೆ ವಾರಸುದಾರರೇ ಇಲ್ಲ. ದೊರೆಯ ಮಕ್ಕಳು ಆಗಲೇ ನಲವತ್ತು ಐವತ್ತರ ಗಂಡಸರು. ಮದುವೆ ಗೊಡವೆ ಇಲ್ಲದೆ ಆರಾಮಾಗಿದ್ದವರು ದಡಬಡ ಹೆಣ್ಣು ಹುಡುಕಿದರು. 1818ರಲ್ಲೇ ಮೂವರು ಡ್ಯೂಕ್‌ಗಳ ಮದುವೆ ಆಯಿತು. ಅದರಲ್ಲಿ ಡ್ಯೂಕ್ ಆಫ್ ಕೆಂಟ್ ಮದುವೆಯಾದದ್ದು ಶಾರ್ಲೆಟ್ ಗಂಡ ಲಿಯೋಪೋಲ್ಡ್‌ನ ಅಕ್ಕನನ್ನು. 24 ಮೇ 1819ಕ್ಕೆ ಹುಟ್ಟಿದವಳು ವಿಕ್ಟೋರಿಯಾ.

ಲಿಯೋಪೋಲ್ಡ್ ಕಥೆ ಇನ್ನೂ ಮಜಾ. 1831ರಲ್ಲಿ ಬೆಲ್ಜಿಯಂನ ಮೊದಲ ದೊರೆಯಾದ. ಎರಡನೇ ಮದುವೆಯಲ್ಲಿ ಹುಟ್ಟಿದ ಮಗಳಿಗೆ ಶಾರ್ಲೆಟ್ ಅಂತಲೇ ಹೆಸರಿಟ್ಟ. ಆಕೆ ಆಮೇಲೆ ಮೆಕ್ಸಿಕೋದ ಮಹಾರಾಣಿ ಆದಳು. ಇತ್ತ ವಿಕ್ಟೋರಿಯಾಗೆ ತನ್ನ ಅಣ್ಣನ ಮಗ ಆಲ್ಬರ್ಟ್‌ನನ್ನು ಜೋಡಿಸಿದ. ಹೆಂಡತಿಯ ಸಿಂಹಾಸನ ಕೈತಪ್ಪಿದರೂ ಮನುಷ್ಯ ನಂಟಸ್ತಿಕೆಯಲ್ಲೇ ಬಡ್ಡಿ ಸಮೇತ ವಸೂಲಿ ಮಾಡಿದ.

ನಿಮ್ಮ ಕಬ್ಬನ್ ಪಾರ್ಕಿನ ಪ್ರತಿಮೆ ಥಾಮಸ್ ಬ್ರಾಕ್ ಕೆಲಸ, 1906ರ ಫೆಬ್ರವರಿಯಲ್ಲಿ ಆಗಿನ ಪ್ರಿನ್ಸ್ ಆಫ್ ವೇಲ್ಸ್ ಅನಾವರಣ ಮಾಡಿದ್ದು. ವಿಕ್ಟೋರಿಯಾ ಮುದುಕಿಯಾದ ಮೇಲೆ ಇಂಗ್ಲೆಂಡಿನ ನಾಣ್ಯಗಳ ಮೇಲೆ ಮುಸುಕು ಹಾಕಿದ ಮುಖ ಇದೆಯಲ್ಲ, ಅದೂ ಅವನದ್ದೇ.

ಬೆಲೆಎಷ್ಟು_ಸ್ವಾಮಿ
ಎಲ್ಲಾ ಸರಿ, ರೇಟ್ ಯಾರೂ ಹೇಳ್ತಿಲ್ಲ.

ಮಿಡ್‌ಲ್ಯಾಂಡ್ಸ್_ಮಂಜು
ಸ್ವಾಮಿ, ಮನೆಯವರ ಜೊತೆ ಹೋಟೆಲಿನಲ್ಲಿ ಒಂದು ಊಟ ಮಾಡುವಷ್ಟು ಕೊಟ್ಟೆ. ಮಾರೋದಿಲ್ಲ.

ಎರಕದಮನೆಯವರಿಗೆ ವರದಿ. ಲೆನ್ಸ್ ಇಟ್ಟು ನೋಡಿದೆ, ಗುಳಿ ಇಲ್ಲ, ಅಕ್ಷರ ನೆಟ್ಟಗಿವೆ. ಹಸಿರು ಗಟ್ಟಿ, ಕಡ್ಡಿಗೆ ಉದುರಲಿಲ್ಲ. ಬಿಟ್ಟಿದ್ದೀನಿ. ತಾಮ್ರ ಹೌದೋ ಅಲ್ಲವೋ ಖಾತ್ರಿ ಮಾಡಿಕೊಳ್ಳೋಣ ಅಂತ ಅಡುಗೆಮನೆ ತಕ್ಕಡಿಯಲ್ಲಿ ಒಂದು ಸಲ ಒಣಗಿದ್ದಾಗ ತೂಗಿದೆ. ಆಮೇಲೆ ದಾರ ಕಟ್ಟಿ, ತಕ್ಕಡಿ ಮೇಲಿಟ್ಟ ಲೋಟದ ನೀರಿನಲ್ಲಿ ತಳ ಮುಟ್ಟದ ಹಾಗೆ ಇಳಿಬಿಟ್ಟು, ಎಷ್ಟು ತೂಕ ಏರಿತು ನೋಡಿದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 8.9ರ ಆಸುಪಾಸು ಬಂತು.

ಎರಕದಮನೆ
ತಾಮ್ರಕ್ಕೆ 8.9ರ ಮೇಲೆ ಚೂರು ಬರಬೇಕು, ಕಂಚಿಗೆ 8.8 ಹತ್ತಿರ. ಅಡುಗೆಮನೆ ತಕ್ಕಡಿ ಅಷ್ಟು ಸೂಕ್ಷ್ಮ ಹೇಳಲ್ಲ. ಆದರೆ ತವರದ್ದಲ್ಲ, ಒಳಗೆ ಸೀಸ ತುಂಬಿಲ್ಲ ಅನ್ನೋದು ಗ್ಯಾರಂಟಿ. ತವರದ್ದಾಗಿದ್ದರೆ 7.3 ಹತ್ತಿರ ನಿಲ್ಲುತ್ತಿತ್ತು. ಪೆಟ್ಟಿನಲ್ಲಿ ಕಂಡ ಕೆಂಪೇ ಇಲ್ಲಿ ದೊಡ್ಡ ಸಾಕ್ಷಿ. ನೀರಿಗೆ ಇಳಿಸಿದ್ದೀರಲ್ಲ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಪೂರ್ತಿ ಆರಿದ ಮೇಲೆ ಇಡಿ. ಮೆತ್ತಗೆ ಬಳುಕುವ ಅಗ್ಗದ ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಅದರಲ್ಲಿರುವ ಪಿವಿಸಿ ಕಾಲ ಕಳೆದಂತೆ ಜಿಡ್ಡು ಬಿಟ್ಟು ತಾಮ್ರಕ್ಕೆ ಹಸಿರು ಹಿಡಿಸುತ್ತೆ. ಆಮ್ಲ ಇಲ್ಲದ ಕಾಗದದ ಲಕೋಟೆ ಸಾಕು. ಅಂಚು ಹಿಡಿದೇ ಎತ್ತಿ, ಮುಖದ ಮೇಲೆ ಬೆರಳು ಬೇಡ.

ಮಿಡ್‌ಲ್ಯಾಂಡ್ಸ್_ಮಂಜು
ಲಕೋಟೆ ತರಿಸಿದ್ದೀನಿ. ಇನ್ನೊಂದು ವಿಷಯ. ಅದೇ ಅಂಗಡಿಯಲ್ಲಿ ಇದೇ ಚಿತ್ರದ ತವರದ ಪದಕವೂ ಇತ್ತು, ಮೇಲೆ ತೂತು ಕೊರೆದದ್ದು. ಆಗ ಗಮನ ಕೊಡಲಿಲ್ಲ. ಅದರ ಮೇಲೂ ಇದೇ ಬಿರುಕು ಇದ್ದರೆ?

ಹಳೇನಾಣ್ಯ_ಧಾರವಾಡ
ಇದ್ದರೆ ಎರಡೂ ಒಂದೇ ಅಚ್ಚಿನವು, ತವರದ್ದು ಬಿರುಕು ಬಿಟ್ಟ ಮೇಲೆ ಒತ್ತಿದ್ದು. ಗೆರೆ ಇನ್ನೂ ಉದ್ದ ಇದ್ದರೆ ನಿಮ್ಮದಕ್ಕಿಂತ ಆಮೇಲಿನದು. ಗೆರೆಯೇ ಇಲ್ಲ, ಮಿಕ್ಕಿದ್ದೆಲ್ಲ ಒಂದೇ ಥರ ಅಂದರೆ ತವರದ್ದು ಮೊದಲು. ಅಕ್ಷರಗಳ ನಡುವಿನ ಅಂತರ ಹೋಲಿಸಿ ನೋಡಿ. ಬೇರೆಯವನು ನಕಲು ಹೊಡೆದ ಅಚ್ಚಾದರೆ ಅಲ್ಲೇ ಸಿಕ್ಕಿಬೀಳುತ್ತೆ. ಶನಿವಾರವೇ ಹೋಗಿ, ಲೆನ್ಸ್ ಮರೀಬೇಡಿ.

ಬೆಲೆಎಷ್ಟು_ಸ್ವಾಮಿ
ತೂತು ಇದೆ ಅಂತ ಹೇಳಿ ಚೌಕಾಶಿ ಮಾಡಿ. ಅರ್ಧಕ್ಕರ್ಧ ಇಳೀತಾರೆ.